ಪುರಸಭೆಗೆ ಸಂದ ನಮ್ಮ ಹಿತ್ತಿಲ ಕೋಣೆ

ಕೆಲವು ಮಾತುಗಳು ನನ್ನ ಬಾಯಿಂದ ಹೊರಡುವುದೇ ಇಲ್ಲ. ಬೈಗುಳಗಳ ಬಗ್ಗೆ ಹೇಳುತ್ತಿಲ್ಲ. ಅವಿಲ್ಲದೆಯೂ ಸಂಸಾರ ನಡೆಯುತ್ತದೆ, ಸ್ವಲ್ಪ ನಿಧಾನವಾಗಿ. ನಾನು ಹೇಳುತ್ತಿರುವುದು ದಿನವೂ ಬೇಕಾಗುವ, ಚಿಕ್ಕ ಮಕ್ಕಳು ಕೂಡ ಕೂಗಿ ಹೇಳುವ ಒಂದು ಮಾತಿನ ಬಗ್ಗೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿದೆ. ಸಿಸ್ಟರುಗಳು ಕಲಿಸಿದ್ದರಲ್ಲಿ ಬಹುಪಾಲು ಮರೆತುಹೋಗಿದೆ, ದಶಾಂಶದ ಭಾಗಾಕಾರವೂ ಸೇರಿ. ಆದರೆ ಆ ಅಗತ್ಯ ಬಂದಾಗ ಬಾಯಿ ಬಿಡದೆ ಕಿರುಬೆರಳನ್ನಷ್ಟೇ ಎತ್ತಬೇಕು, ಅದೂ ಭುಜಕ್ಕಿಂತ ಮೇಲೆ ಹೋಗದಂತೆ, ಎನ್ನುವುದು ಮಾತ್ರ ಎಲುಬಿಗೆ ಇಳಿದುಬಿಟ್ಟಿದೆ. ಮದುವೆಯಾದ ಮೇಲೆ ಆ ಬೆರಳಿನಿಂದ ಏನೂ ಉಪಯೋಗವಾಗಲಿಲ್ಲ. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಜನ ಸುತ್ತಿ ಬಳಸಿ ಮಾತಾಡುವವರಲ್ಲ. ಸಂಡಾಸಕ್ಕೆ ಸಂಡಾಸ ಎಂದೇ ಅನ್ನುತ್ತಾರೆ, ಊಟಕ್ಕೆ ಕೂತಾಗಲೂ ಅನ್ನುತ್ತಾರೆ. ನಾನು ಅದನ್ನು 'ಹಿತ್ತಿಲ ಕೋಣೆ' ಎಂದು ಕರೆದು ನನ್ನ ಮರ್ಯಾದೆ ಉಳಿಸಿಕೊಂಡಿದ್ದೆ. ಈಗ ನೋಡಿ, ಧೈರ್ಯವಾಗಿ ಬರೆದುಬಿಟ್ಟಿದ್ದೇನೆ. ಆ ಧೈರ್ಯ ಎಲ್ಲಿಂದ ಬಂತು ಎಂದು ಹೇಳುತ್ತೇನೆ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಮನೆಯವರು ರಸ್ತೆ ಕಟ್ಟುವ ಇಲಾಖೆಯಲ್ಲಿ ಸೆಕ್ಷನ್ ಆಫೀಸರ್. ಚಿಕ್ಕೋಡಿಯಿಂದ ಅಥಣಿ ಕಡೆಗೆ ಹೋಗುವ ಬಸ್ಸು ಚಹಾ ಕುಡಿಯಲು ನಿಲ್ಲುವ ಒಂದು ಊರಿಗೆ ನಮಗೆ ವರ್ಗವಾಗಿತ್ತು. ಊರಿನ ಹೆಸರು ಹೇಳುವುದಿಲ್ಲ. ಇವರಿಗೆ ಈಗ ಪೆನ್ಶನ್ ಬರುತ್ತಿದೆ, ಬರುತ್ತಲೇ ಇರಲಿ. ಸರ್ಕಾರಿ ಕ್ವಾರ್ಟರ್ಸಿನಲ್ಲಿ ಎರಡು ಕೋಣೆ, ಒಂದು ಅಡಿಗೆಮನೆ, ಹಿಂದೆ ಹಿತ್ತಿಲು. ಹಿತ್ತಿಲಿನಲ್ಲಿ ತುಳಸಿ ಕಟ್ಟೆ, ಅದರಾಚೆ ಇಪ್ಪತ್ತೊಂದು ಹೆಜ್ಜೆಗೆ ಹಿತ್ತಿಲ ಕೋಣೆ. ಇಪ್ಪತ್ತೊಂದೇ ಎಂದು ಹೇಗೆ ಗೊತ್ತು ಅನ್ನಬೇಡಿ. ಮಳೆಗಾಲದಲ್ಲಿ ಕೊಡೆ ಹಿಡಿದು ಹೋಗುವವರಿಗೆ ಲೆಕ್ಕ ತಾನಾಗಿ ಸಿಗುತ್ತದೆ. ಅದರ ಬೆನ್ನಿಗೆ ಅರ್ಧ ಬಿದ್ದ ಒಂದು ಗೋಡೆ. ಗೋಡೆಯಾಚೆ ಇಲಾಖೆಯ ಖಡಿ ಗೋದಾಮು, ಅಂದರೆ ರಸ್ತೆಗೆ ಹಾಕುವ ಕಲ್ಲು ಮತ್ತು ಡಾಂಬರಿನ ಪೀಪಾಯಿ ಇಡುತ್ತಿದ್ದ ಬಯಲು. ಕಲ್ಲು, ಪೀಪಾಯಿ ಎಲ್ಲ ಎಂದೋ ಬೇರೆ ಕಡೆ ಹೋಗಿ, ಒಂದು ಹಳೆಯ ಬೇವಿನ ಮರವೂ ತುಕ್ಕು ಹಿಡಿದ ರೋಡ್ ರೋಲರಿನ ಒಂದು ಚಕ್ರವೂ ಅಲ್ಲಿ ಉಳಿದಿದ್ದವು. ಬಯಲು ದಾಟಿದರೆ ಸಂತೆಯ ಜಾಗ.

ನಮ್ಮ ಮನೆಯವರ ಬಗ್ಗೆಯೂ ಎರಡು ಮಾತು ಹೇಳಬೇಕು. ಅವರು ಪ್ರಾಮಾಣಿಕರು. ಹೀಗೆ ಹೇಳಿದರೆ ಹೊಗಳಿಕೆ ಅನ್ನಿಸುತ್ತದೆ; ಜೊತೆಗೆ ಇದ್ದು ನೋಡಬೇಕು. ಆಫೀಸಿನ ಪೆನ್ಸಿಲಿನಿಂದ ಕಿರಾಣಿ ಯಾದಿ ಬರೆದೆನೆಂದು ಒಂದು ದಿನ ಆ ಯಾದಿಯನ್ನು ಹರಿದು ಹಾಕಿ, ಮನೆಯ ಪೆನ್ನಿನಲ್ಲಿ ತಾವೇ ಮತ್ತೆ ಬರೆದುಕೊಟ್ಟರು. ಅದರಲ್ಲಿ ಜೀರಿಗೆ ಬಿಟ್ಟುಹೋಯಿತು.

ನನ್ನ ತೊಂದರೆ ಶುರುವಾದದ್ದು ಒಂದು ಮಂಗಳವಾರ. ಮಂಗಳವಾರ ಆ ಊರಿನ ಸಂತೆ. ಸುತ್ತಿನ ಹಳ್ಳಿಗಳಿಂದ ಹೆಂಗಸರು ಬದನೆಕಾಯಿ, ಮೆಣಸಿನಕಾಯಿ, ಮೆಂತ್ಯದ ಸೊಪ್ಪು ಹೊತ್ತು ಮೊದಲ ಬಸ್ಸಿಗೇ ಬಂದಿಳಿಯುತ್ತಿದ್ದರು. ಹನ್ನೊಂದರ ಹೊತ್ತಿಗೆ ಹಿಂಬಾಗಿಲು ಬಡಿದ ಸದ್ದಾಯಿತು. ತೆರೆದರೆ ನಡುವಯಸ್ಸಿನ ಹೆಂಗಸು, ಹಣೆಯ ಮೇಲೆ ರೂಪಾಯಿ ಅಗಲದ ಕುಂಕುಮ, ಸೆರಗಿನ ತುದಿಗೆ ಒಂದು ಒಣಗಿದ ಬದನೆ ಎಲೆ ಅಂಟಿಕೊಂಡಿದೆ. ಆಮೇಲೆ ತಿಳಿಯಿತು, ಹೆಸರು ಅಕ್ಕಾತಾಯಿ.

"ಬಾಯಾರ, ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಸಂಡಾಸಕ್ಕ ಹೋಗಿ ಬರ್ಲೇನ್ರಿ?"

ನಾನು ಎಡಕ್ಕೂ ಬಲಕ್ಕೂ ನೋಡಿದೆ, ಯಾರಾದರೂ ಕೇಳಿಸಿಕೊಂಡರೇ ಎಂದು. ಕೈ ಮಾಡಿ ತೋರಿಸಿದೆ. ಹೋಗಿ ಬಂದವಳು ಕಟ್ಟೆಯ ಮೇಲೆ ಎರಡು ಬದನೆಕಾಯಿ ಇಟ್ಟು, "ನಿಮ್ಮ ಹೊಟ್ಟಿ ತಣ್ಣಗಿರ್ಲಿ" ಎಂದು ಹೋದಳು. ಮರುವಾರ ಮೂವರು ಬಂದರು. ಅದರ ಮುಂದಿನ ವಾರ ಏಳು. ದೀಪಾವಳಿ ಹೊತ್ತಿಗೆ ಹನ್ನೊಂದು ಮಂದಿ ಖಾಯಂ ಆದರು. ಅವರ ಬುಟ್ಟಿಗಳು ನನ್ನ ಕಟ್ಟೆಯ ಮೇಲೆ, ಒಬ್ಬಳ ಕೂಸು ನನ್ನ ಮಡಿಲಲ್ಲಿ, ನಾನು ಮುಂಜಾನೆ ಎದ್ದು ತುಂಬಿಸಿದ ನೀರಿನ ಪೀಪಾಯಿ ಮಧ್ಯಾಹ್ನಕ್ಕೆ ಖಾಲಿ. ಸಂಜೆ ಊಟಕ್ಕೆ ಕೂತ ನಮ್ಮ ಮನೆಯವರು ಎಣ್ಣೆಗಾಯಿ ನೋಡಿ ಕೈ ಹಿಂದೆ ತೆಗೆಯುತ್ತಿದ್ದರು. "ಈ ಬದ್ನಿಕಾಯಿಗೆ ರೊಕ್ಕ ಕೊಟ್ಟೀಯೇನ?" ಸರ್ಕಾರಿ ನೌಕರನ ಮನೆಗೆ ಬಿಟ್ಟಿ ಬದನೆಕಾಯಿ ಬರಬಾರದು. ಕೊಡಲು ಹೋದರೆ ಅಕ್ಕಾತಾಯಿ ತಗೊಳ್ಳುವುದಿಲ್ಲ ಎಂದು ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿ ಬರೀ ರಸ ಹಚ್ಚಿಕೊಂಡು ರೊಟ್ಟಿ ತಿಂದರು.

ಸುಳ್ಳು ಏಕೆ ಹೇಳಲಿ, ನಾನು ಅಷ್ಟೇನೂ ಒಳ್ಳೆಯವಳಲ್ಲ. ಒಂದು ವಾರ ಬೇಸತ್ತು ಹಿತ್ತಿಲ ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಅಡಿಗೆಮನೆಯ ಮೊಳೆಗೆ ತೂಗುಹಾಕಿದೆ. ಬೀಗ ನೋಡಿ ನಾಚಿಕೊಂಡು ಬಿಡುತ್ತಾರೆ ಎಂದು ನನ್ನ ಲೆಕ್ಕ. ಆದದ್ದೇ ಬೇರೆ. ಇಷ್ಟು ದಿನ ಸದ್ದಿಲ್ಲದೆ ಹೋಗಿ ಬರುತ್ತಿದ್ದವರು ಈಗ ಬಯಲಿನ ಆ ತುದಿಯಿಂದಲೇ "ಬಾಯಾರ, ಸಂಡಾಸದ ಕೀಲೀ!" ಎಂದು ಕೂಗತೊಡಗಿದರು. ಎದುರು ಮನೆಯ ಹೈಸ್ಕೂಲ್ ಮಾಸ್ತರರು ಕಿಟಕಿ ಹಾಕಿಕೊಂಡರು. ಮುಂದಿನ ವಾರ ನಿದ್ದೆ ಬಂದವಳಂತೆ ಮಲಗಿದೆ. ಕಿಟಕಿಯ ಹೊರಗೆ ಅಕ್ಕಾತಾಯಿಯ ದನಿ: "ಮಲಗ್ಯಾರ ಪಾಪ. ಏಳೂತನಕಾ ಇಲ್ಲೇ ಕುಂದ್ರೂನು." ಕುಂತರು. ಕುಂತು ನನ್ನ ತಂತಿಯ ಮೇಲಿನ ಬಟ್ಟೆ ನೋಡಿ ಮಾತಿಗೆ ತೊಡಗಿದರು. "ಚಾದರ ಎಷ್ಟ ಬೆಳ್ಳಗದಾವ ನೋಡ ಬೇ. ನೀಲಿ ಹಾಕಿ ಒಗಿತಾರ ಇವ್ರು." "ಸಾಹೇಬ್ರ ಬನೇನಿಗೆ ಮಾತ್ರ ತೂತ ಬಿದ್ದೈತಿ." "ಹೊಸಾದ ತರಾಕ ಹೇಳಬೇಕ ಇವ್ರು." ಹೊಗಳಿಕೆಯವರೆಗೆ ತಡೆದೆ, ಬನಿಯನ್ನಿನ ಮಾತಿಗೆ ಎದ್ದು ಬಂದು ಕೀಲಿ ಕೊಟ್ಟೆ.

ಆ ದಿನ ಮನಸ್ಸು ಕುಟುಕಿತು. ಇಷ್ಟು ಹೊತ್ತು ಕಾಯಿಸಿದೆನಲ್ಲ ಎಂದು ಹನ್ನೊಂದು ಮಂದಿಗೂ ಚಹಾ ಮಾಡಿದೆ. ನಮ್ಮಲ್ಲಿ ಆರೇ ಕಪ್ಪು. ಉಳಿದವರಿಗೆ ಸ್ಟೀಲ್ ಲೋಟ, ಒಬ್ಬಳಿಗೆ ನಮ್ಮ ಮನೆಯವರು ಗಡ್ಡ ಮಾಡಿಕೊಳ್ಳುವ ಮಗ್ಗನ್ನು ತೊಳೆದು ಕೊಟ್ಟೆ, ಹೇಳಲಿಲ್ಲ. ಅಕ್ಕಾತಾಯಿ ಕಪ್ಪನ್ನು ಕೈಯಲ್ಲಿ ಹಿಡಿದು, ಮೂಸಿ ನೋಡಿ, ಕೆಳಗಿಟ್ಟಳು. ಉಳಿದವರೂ ಇಟ್ಟರು. ನನಗೆ ಕೋಪ ಬಂತು.

"ಯಾಕ್ರಿ ಅಕ್ಕಾತಾಯಿ, ನಮ್ಮ ಮನಿ ಚಹಾ ನಡಿಯೂದಿಲ್ಲೇನು?"

"ಅಯ್ಯ, ಹಂಗಲ್ರಿ ಬಾಯಾರ. ಸಂತಿ ದಿನಾ ನಾವು ಬಾಯಾಗ ನೀರ ಹಾಕೂದಿಲ್ರಿ. ಮನಿ ಬಿಡೂಮುಂದ ಒಂದ ಗುಟಕ, ಆಮ್ಯಾಲ ಹೊತ್ತ ಮುಳುಗಿ ಮನಿ ಮುಟ್ಟಿದ ಮ್ಯಾಲನ. ಕುಡದ್ರ ಹೋಗಬೇಕಾಕ್ಕೈತಿ. ಹೋಗಾಕ ಜಾಗಾ ಎಲ್ಲೈತ್ರಿ? ಗಂಡಸೂರಿಗೇನ, ಗ್ವಾಡಿ ಕಂಡ್ರ ಸಾಕು. ನಮ್ಮದ ನಿಮ್ಮ ಕೀಲಿ ಮ್ಯಾಲ ಐತಿ. ನೀವ ಎದ್ರ ಸೈ, ಇಲ್ಲಂದ್ರ ಇಲ್ಲ." ಪಕ್ಕದಲ್ಲಿ ಕೂತ ಎಳೆ ವಯಸ್ಸಿನ ರತ್ನವ್ವನ ಬೆನ್ನ ಮೇಲೆ ಕೈ ಇಟ್ಟು ಅಂದಳು: "ಈಕಿಗೆ ಏಳ ತಿಂಗಳ. ಹೋದ ತಿಂಗಳ ನೀರ ಕುಡೀಲಾರದ ಉರಿ ಹತ್ತಿ ಜ್ವರಾ ಬಂದ ಬಿದ್ದಿತ್ತು."

ರತ್ನವ್ವ ತಲೆ ತಗ್ಗಿಸಿ ಚಹಾದ ಆವಿಯನ್ನೇ ನೋಡುತ್ತಿದ್ದಳು. ತುಟಿ ಒಣಗಿ ಬಿಳಿಯಾಗಿದ್ದುದನ್ನು ನಾನು ಆಗ ನೋಡಿದೆ. ಅಷ್ಟು ವಾರ ಬಂದವಳನ್ನು ಅಂದೇ ಮೊದಲ ಸಲ ನೋಡಿದೆ. ಆ ಬೀಗವನ್ನು ಸಂಜೆಯೇ ತೆಗೆದು ಟ್ರಂಕಿನ ತಳಕ್ಕೆ ಹಾಕಿದೆ. ಮುಂದಿನ ಮಂಗಳವಾರದಿಂದ ಅವರು ಬಂದ ಕೂಡಲೆ ಚಹಾ, ನಡುವೆ ಒಂದು ಕೊಡ ನೀರು. ಸೋಮವಾರವೇ ಎರಡು ಪೀಪಾಯಿ ತುಂಬಿಸಿಡುತ್ತಿದ್ದೆ. ಕುಡಿದ ನೀರು ಗಂಟಲಿಳಿಯುವಾಗ ಅವರ ಮುಖ ನೋಡುವುದೇ ನನಗೊಂದು ಕೆಲಸವಾಯಿತು.

ಹೀಗೆ ನಾಲ್ಕೈದು ತಿಂಗಳು ಕಳೆದ ಮೇಲೆ ಖಡಿ ಗೋದಾಮಿನ ಫೈಲು ಬಂತು. ಇಲಾಖೆಗೆ ಆ ಬಯಲು ಬೇಡವಾಗಿತ್ತು. ಸರ್ಕಾರದ ಭಾಷೆಯಲ್ಲಿ ಅದು 'ಹೆಚ್ಚುವರಿ ಜಮೀನು'. ಪುರಸಭೆಯವರು ತಮಗೆ ಕೊಡಿ, ಅಂಗಡಿಗಳನ್ನು ಕಟ್ಟಿಸುತ್ತೇವೆ ಎಂದು ಕೇಳಿದ್ದರು. ನಮ್ಮ ಮನೆಯಲ್ಲಿ ಹೆಚ್ಚಾದ ಸಾರನ್ನು ಪಕ್ಕದ ಮನೆಗೆ ಕೊಡಲು ಒಂದು ಬಟ್ಟಲು ಸಾಕು. ಸರ್ಕಾರ ತನ್ನ ಕೈಯಲ್ಲಿದ್ದದ್ದನ್ನು ತನ್ನದೇ ಊರಿನ ಪುರಸಭೆಗೆ ಕೊಡಲು ಫೈಲು ಬೆಳಗಾವಿಗೆ ಹೋಗಿ, ಬೆಂಗಳೂರಿಗೆ ಹೋಗಿ, ಅಲ್ಲಿ ಯಾರೋ ನಕಾಶೆ ಎಲ್ಲಿ ಎಂದು ಕೇಳಿ, ಮತ್ತೆ ನಮ್ಮಲ್ಲಿಗೇ ಬಂದಿತ್ತು. ನಕಾಶೆಗೆ ಮೋಜಣಿ, ಅಂದರೆ ಜಮೀನಿನ ಅಳತೆ, ಆಗಬೇಕು. ಮೋಜಣಿ ಮಾಡಿಸಿ ಜಮೀನನ್ನು ಪುರಸಭೆಯ ಕೈಗೆ ಒಪ್ಪಿಸುವ ಕೆಲಸ ನಮ್ಮ ಮನೆಯವರದ್ದು.

ಸರ್ವೇಯರ್ ಅಪ್ಪಾಸಾಹೇಬರು ನಿವೃತ್ತಿಗೆ ಹತ್ತಿರವಾದವರು, ಮಾತು ಜಾಸ್ತಿ, ಕಣ್ಣು ಚುರುಕು. ಆಳುಗಳು ಸರಪಳಿ ಹಿಡಿದು ಬೇವಿನ ಮರದಿಂದ ಎಳೆಯುತ್ತಾ ಬಂದರು. ಗೋಡೆಯ ಹತ್ತಿರ ನಿಲ್ಲಲಿಲ್ಲ. ಬಿದ್ದ ಭಾಗದಿಂದ ಒಳಗೆ ದಾಟಿ ನಮ್ಮ ಹಿತ್ತಿಲಿಗೇ ಬಂದರು. ನಾನು ಹಪ್ಪಳದ ಚಾಪೆ ಸರಿಸಿದೆ. ಅಪ್ಪಾಸಾಹೇಬರು ತುಳಸಿ ಕಟ್ಟೆಯಿಂದ ನಾಲ್ಕು ಹೆಜ್ಜೆ ಆಚೆ ನಿಂತು ಗಡಿಯ ಸುಣ್ಣದ ಗೆರೆ ಎಳೆಸಿದರು.

"ಸಾಹೇಬ್ರ, ಹದ್ದ ಗ್ವಾಡಿ ಕಡಿ ಇಲ್ರಿ. ಇಲ್ಲೈತಿ."

"ಹಂಗಂದ್ರ?" ಎಂದರು ಇವರು.

"ಹಂಗಂದ್ರ, ಈ ಸಂಡಾಸ ನಿಮ್ಮ ಕ್ವಾರ್ಟರ್ಸಿಂದ ಅಲ್ಲ. ಗೋದಾಮಿನ ಜಮೀನ್ಯಾಗ ಐತಿ. ಹಿಂದಿನವ್ರು ಯಾರೋ ಇತ್ತಾಗ ಬಂಡಿಗಲ್ಲ ಹತ್ತೈತಿ ಅಂತ, ಅತ್ತಾಗ ಮೆತ್ತನ ಮಣ್ಣ ನೋಡಿ ಗುಂಡಿ ತೋಡ್ಸ್ಯಾರ. ಆಮ್ಯಾಲ ಅದರ ಹಿಂದ ಗ್ವಾಡಿ ಕಟ್ಟಿ ಮುಚ್ಚಿ ಬಿಟ್ಟಾರ." ಎಂದು ಹೇಳಿ, ಹೊಟ್ಟೆ ಕುಲುಕಿಸಿ ನಕ್ಕರು. ಇವರು ನಗಲಿಲ್ಲ. ಇಷ್ಟು ವರ್ಷ ದಿನಾ ಮುಂಜಾನೆ ತಾವು ಇಲಾಖೆಯ ಜಮೀನನ್ನು ಅತಿಕ್ರಮಣ ಮಾಡುತ್ತಿದ್ದೆವೆಂಬ ಆಘಾತದಲ್ಲಿದ್ದರು.

ಸಂಜೆ ಮನೆಗೆ ಬಂದವರೇ ಮೇಜಿಗೆ ಕೂತು ಒಂದು ನೋಟಿಸು ಬರೆದರು. ಸರ್ಕಾರಿ ಜಮೀನಿನಲ್ಲಿರುವ ಸದರಿ ಕಟ್ಟಡವನ್ನು ಹದಿನೈದು ದಿನದೊಳಗೆ ಕೆಡವಿ ಜಾಗ ತೆರವು ಮಾಡತಕ್ಕದ್ದು. ಕೆಳಗೆ ಸಹಿ, ಸೆಕ್ಷನ್ ಆಫೀಸರ್. ವಿಳಾಸ ನೋಡಿದೆ: ಕ್ವಾರ್ಟರ್ಸಿನ ವಾಸಿ, ಅವರದೇ ಹೆಸರು. ಕುರ್ಚಿಯಿಂದ ಎದ್ದು, ಮಂಚದ ಮೇಲೆ ಕೂತು, ನೋಟಿಸು ತಲುಪಿತೆಂದು ಆಫೀಸ್ ಪ್ರತಿಯ ಮೇಲೆ ಇನ್ನೊಂದು ಸಹಿ ಮಾಡಿದರು. ಎರಡು ದಿನದ ನಂತರ ಕಾಲಾವಕಾಶ ಕೊಡಬೇಕೆಂದು ತಮಗೇ ತಾವು ಒಂದು ವಿನಂತಿ ಬರೆದುಕೊಂಡರು. ಅದನ್ನು ಪರಿಶೀಲಿಸಿದರು. ಊಟ ಮಾಡುತ್ತಾ ಪರಿಶೀಲಿಸಿದರು, ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು ಪರಿಶೀಲಿಸಿದರು. ಕೊನೆಗೆ ತಿರಸ್ಕರಿಸಿದರು.

"ನೀವ ಕೇಳಿದ್ದು, ನೀವ ಇಲ್ಲಂದ್ರಿ?" ಎಂದೆ.

"ಕಾರಣ ಸಾಕಷ್ಟ ಇರಲಿಲ್ಲ" ಎಂದರು, ಬೇಸರದಿಂದ.

ಮಂಗಳವಾರ ಅಕ್ಕಾತಾಯಿಗೆ ಸುದ್ದಿ ಹೇಳಿದೆ. ಹಿತ್ತಿಲ ಕೋಣೆ ಹೋಗುತ್ತದೆ, ಅಲ್ಲಿ ಅಂಗಡಿಗಳು ಬರುತ್ತವೆ. ಅವಳು ಸುಣ್ಣದ ಗೆರೆಯನ್ನು ನೋಡಿದಳು. ಕಾಲಿನ ಹೆಬ್ಬೆರಳಿನಿಂದ ಒಂದಿಷ್ಟು ಅಳಿಸಲು ನೋಡಿದಳು.

"ನಿಮಗ ಇನ್ನೊಂದ ಕಟ್ಟಿ ಕೊಡ್ತಾರ್ರೀ ಸರ್ಕಾರದವ್ರು. ಇವತ್ತಿಲ್ಲ ನಾಳೆ. ನಮಗ?" ಎಂದಳು. ರತ್ನವ್ವ ಅಂದು ಎಳೆಕೂಸನ್ನು ಎತ್ತಿಕೊಂಡು ಬಂದಿದ್ದಳು. ಕೈಯಲ್ಲಿದ್ದ ಚಹಾದ ಲೋಟ ಹಾಗೇ ಕೆಳಗಿಟ್ಟಳು. ಹಾಲೂಡಿಸುವ ತಾಯಿ ಇನ್ನು ಮುಂದೆ ಇಡೀ ದಿನ ನೀರಿಲ್ಲದೆ ಬಿಸಿಲಿನಲ್ಲಿ ಕೂರಬೇಕಲ್ಲ.

ಉಪಾಯ ಸಿಕ್ಕಿದ್ದು ಅಪ್ಪಾಸಾಹೇಬರ ಬಾಯಿಂದಲೇ. ನಕಾಶೆಗೆ ಸಹಿ ಹಾಕಿಸಲು ಬಂದವರು ಚಹಾ ಕುಡಿಯುತ್ತಾ, ಯಾರೂ ಕೇಳದಿದ್ದರೂ, ನಿಯಮ ವಿವರಿಸತೊಡಗಿದರು. ಜಮೀನು ಒಪ್ಪಿಸುವ ದಿನ ಪಂಚನಾಮೆ ಆಗುತ್ತದೆ. ಅಂದರೆ ಊರಿನ ಇಬ್ಬರು ಪಂಚರ ಎದುರಿಗೆ, ಅಲ್ಲಿ ಏನೇನು ಇದೆ, ಯಾರು ಬಳಸುತ್ತಾರೆ ಎಂದು ಬರೆದುಕೊಳ್ಳುತ್ತಾರೆ. "ಖಾಸಗಿದ್ದ ಇದ್ರ ಕೆಡವಬೇಕ್ರಿ ಬಾಯಾರ. ಸಾರ್ವಜನಿಕರು ಬಳಸೂದಿದ್ರ ಹಂಗ ಜಮೀನ ಜೋಡಿ ಹೋಗತೈತಿ. ತಗೊಂಡವ್ರು ಅದನ್ನ ನಡಿಸ್ಕೊಂಡ ಹೋಗಬೇಕು."

ಅವರು ಹೋದದ್ದೇ ತಡ ನಾನು ಇವರ ಹಿಂದೆ ಬಿದ್ದೆ. "ಸಂತಿ ಹೆಣ್ಮಕ್ಕಳು ಬಳಸ್ತಾರ ಅಂತ ಬರೀರಿ."

"ನಾ ಹೆಂಗ ಬರೀಲಿ? ಅದನ್ನ ಬಳಸೂ ಮನುಷ್ಯಾ ನಾನ. ನಾ ಬರದ್ರ, ತನ್ನ ಸಂಡಾಸ ಉಳಿಸ್ಕೊಳ್ಳಾಕ ಬರದಾನ ಅಂತಾರ. ಗೊತ್ತಿದ್ದವ್ರು ಪಂಚರ ಮುಂದ ಬಂದ ತಾವ ಹೇಳ್ಲಿ, ಬರಕೋತೇನಿ."

ಪಂಚನಾಮೆ ಶುಕ್ರವಾರ. ಶುಕ್ರವಾರ ಈ ಹೆಂಗಸರಿಗೆಲ್ಲ ಬೇರೆ ಊರಿನ ಸಂತೆ. ಬಿಟ್ಟು ಬಂದರೆ ಬುಟ್ಟಿಯಲ್ಲಿದ್ದದ್ದು ಬಾಡುತ್ತದೆ. "ನೀವ ಹೇಳ್ರಿ" ಎಂದಳು ಮಂಗಳವಾರ ಬಂದ ಅಕ್ಕಾತಾಯಿ.

"ನಂಗ ಆ ಮಾತ ಹೇಳಾಕ ಬರೂದಿಲ್ಲ."

"ಯಾ ಮಾತ?"

ಮುಖ ಕೆಂಪಾಗಿಸಿಕೊಂಡು ನಿಂತೆ. ಅರ್ಥವಾಗಿ ಅವಳು ಹಣೆ ಬಡಿದುಕೊಂಡಳು. "ಇಷ್ಟ ಸಾಲಿ ಕಲ್ತ ಇಷ್ಟ ಹೇಳಾಕ ಬರೂದಿಲ್ಲೇನ್ರಿ? ಮತ್ತೇನ ಕಲಿಸಿದ್ರ ನಿಮಗ ಅಲ್ಲಿ?" ಮೂರು ದಿನ ನಾನು ರೊಟ್ಟಿ ಬಡಿಯುತ್ತಾ ಹಂಚಿಗೆ ಆ ಮಾತನ್ನು ಹೇಳಿ ರೂಢಿ ಮಾಡಿಕೊಂಡೆ. ಹಂಚು ಏನೂ ಅಂದುಕೊಳ್ಳಲಿಲ್ಲ.

ಶುಕ್ರವಾರ ಬೇವಿನ ಮರದ ಕೆಳಗೆ ಮೇಜು ಹಾಕಿದರು. ಪುರಸಭೆಯ ಕಡೆಯಿಂದ ಬಾಬುರಾವ್ ಎಂಬ ಗಾಂಧಿ ಟೊಪ್ಪಿಗೆಯ ಸೌಮ್ಯ ಗೃಹಸ್ಥರು. ಪಂಚರಾಗಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯವರು ಮತ್ತು ಹಿಟ್ಟಿನ ಗಿರಣಿಯವರು. ಅಪ್ಪಾಸಾಹೇಬರು ಓದುತ್ತಾ ಬಂದರು: ಬೇವಿನ ಮರ ಒಂದು, ಕಬ್ಬಿಣದ ಚಕ್ರ ಒಂದು, ಬಿದ್ದ ಗೋಡೆ. ಯಾದಿಯ ಕೊನೆಗೆ ಹಿತ್ತಿಲ ಕೋಣೆಗೆ ಬಂದು ನಿಂತರು. "ಇದರ ಬಗ್ಗೆ ಯಾರದರ ಹೇಳಿಕಿ ಐತೇನ್ರಿ?" ಎಂದರು. ನಾನು ಮುಂದೆ ಬಂದೆ.

"ನಿಮ್ಮ ಹೆಸರೇನ್ರಿ?" ಎಂದು ಕೇಳಿದರು ನನ್ನ ಗಂಡ, ನನ್ನನ್ನು. ಹೇಳಿದೆ. ಮೊದಲ ಸಲ ಕೇಳಿದ ಹೆಸರಿನಂತೆ ಬರೆದುಕೊಂಡರು.

"ಗಂಡನ ಹೆಸರು?"

ನಾನು ಅವರ ಮುಖ ನೋಡಿದೆ. ಅವರು ಕಾಗದ ನೋಡುತ್ತಿದ್ದರು. ನಮ್ಮ ಮನೆತನಗಳಲ್ಲಿ ಹೆಂಗಸರು ಗಂಡನ ಹೆಸರು ಹೇಳುವ ಪದ್ಧತಿಯಿಲ್ಲ. ಮದುವೆ ಮುಂಜಿಯಲ್ಲಿ ನಾಲ್ಕು ಸಾಲಿನ ಒಡಪು ಕಟ್ಟಿ, ಅದರೊಳಗೆ ಹೆಸರು ಅಡಗಿಸಿ ಹೇಳಿದರುಂಟು. ಗಿರಣಿಯವರಿಗೆ ಉತ್ಸಾಹ ಬಂತು, ನನ್ನನ್ನು ಅತ್ತಿಗೆ ಮಾಡಿಕೊಂಡರು. "ಒಡಪ ಹಾಕಿ ಹೇಳ್ರಿ ವೈನಿ! ಪಂಚನಾಮ್ಯಾಗ ಒಂದ ಒಡಪ ಇರ್ಲಿ!"

"ನಿಮಗ ಗೊತ್ತೈತೆಲ್ಲ, ಬರಕೋರಿ" ಎಂದೆ ಇವರಿಗೆ, ಮೆಲ್ಲಗೆ.

"ನಾ ಗೊತ್ತಿದ್ದದ್ದ ಬರಿಯಾಂಗಿಲ್ಲ. ನೀವ ಹೇಳಿದ್ದ ಬರೀಬೇಕು."

ನೆಲ ನೋಡಿಕೊಂಡು ಹೆಸರು ಹೇಳಿದೆ. ಮದುವೆಯಾಗಿ ಆರು ವರ್ಷಕ್ಕೆ, ಒಡಪಿಲ್ಲದೆ, ಬರೀ ಹೆಸರು. ಮೇಲೆ ನೋಡಿದರೆ ಇವರ ಕಿವಿ ಕೆಂಪಾಗಿವೆ; ಪೆನ್ನು ಕಾಗದದ ಮೇಲೆ ನಿಂತಲ್ಲೇ ನಿಂತು ಶಾಯಿಯ ಚುಕ್ಕೆ ದೊಡ್ಡದಾಗುತ್ತಿದೆ. ಆ ಚುಕ್ಕೆ ಈಗಲೂ ಯಾವುದೋ ಸರ್ಕಾರಿ ಕಪಾಟಿನಲ್ಲಿ ಭದ್ರವಾಗಿರಬೇಕು. ಅಷ್ಟು ದೊಡ್ಡ ಮಾತು ಬಾಯಿ ದಾಟಿದ ಮೇಲೆ ಸಣ್ಣದು ತಡೆಯಲಿಲ್ಲ. ಸದರಿ ಕಟ್ಟಡ ಏನು ಎಂದು ಕೇಳಿದ್ದಕ್ಕೆ, "ಸಂಡಾಸ" ಎಂದೆ. ಎದುರು ಮನೆಯ ಮಾಸ್ತರರಿಗೆ ಕೇಳುವಷ್ಟು ಜೋರಾಗಿ.

"ಯಾರು ಬಳಸ್ತಾರ?"

"ಬದ್ನಿಕಾಯಿ ಮಾರೂ ಅಕ್ಕಾತಾಯಿ. ಮೆಣಸಿನಕಾಯಿ ಮಾರೂ ರತ್ನವ್ವ, ಎಳೀ ಬಾಣಂತಿ. ಬಳಿ ಮಾರೂ ಫಾತಿಮಾಬಿ, ಆಕಿಗೆ ಮೊಣಕಾಲ ನೋವೈತಿ, ಅದಕ್ಕ ಒಳಗ ಒಂದ ಹಗ್ಗಾ ಕಟ್ಟೇನಿ ಹಿಡ್ಕೊಂಡ ಏಳಾಕ..." ಹನ್ನೊಂದು ಮಂದಿಯನ್ನೂ ಹೇಳಿದೆ, ಅವರ ಊರುಗಳ ಸಮೇತ, ಯಾರು ಎಷ್ಟು ಹೊತ್ತಿಗೆ ಬರುತ್ತಾರೆ ಎಂಬುದರ ಸಮೇತ. ಇವರು ತಲೆ ಎತ್ತದೆ ಬರೆಯುತ್ತಾ ಹೋದರು.

ಬಾಬುರಾವ್ 'ವೈನಿ' ಎಂದು ಗಂಟಲು ಸರಿಪಡಿಸಿಕೊಂಡರು. "ಇದು ಸಾಹೇಬ್ರ ಮನೀದಂತ ಊರಿಗೆಲ್ಲ ಗೊತ್ತೈತ್ರಿ. ಮತ್ತ ನಮ್ಮ ಅಂಗಡಿ ಸಾಲಿಗೆ ಇದ ಬರೋಬ್ಬರಿ ನಡುವ ಬರತೈತಿ."

"ಅಂಗಡಿಗೆ ಬರೂ ಹೆಣ್ಮಕ್ಕಳು ಎಲ್ಲಿ ಹೋಗಬೇಕ್ರಿ?"

ಬಾಬುರಾವ್ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು. ಆಗ ಚಹಾದಂಗಡಿಯವರು ತಮ್ಮಷ್ಟಕ್ಕೇ ಅಂದರು: "ಇಪ್ಪತ್ತ ವರ್ಷಾತು ಅಂಗಡಿ ಹಾಕಿ. ಸಂತಿ ಹೆಣ್ಮಕ್ಕಳು ಒಬ್ರೂ ಚಹಾ ಕುಡ್ಯೂದಿಲ್ಲ. ನಾ ಏನ ತಿಳ್ಕೊಂಡಿದ್ದೆ, ರೊಕ್ಕಾ ಉಳಸ್ತಾರಂತ." ಬಾಬುರಾವ್ ಬೇವಿನ ಮರದ ಕಡೆ ನೋಡಿ, "ಬರಕೋರಿ ಸಾಹೇಬ್ರ. ಅಂಗಡಿ ಒಂದ ಕಡಿಮಿ ಆದ್ರ ಆತು" ಎಂದರು.

"ಇನ್ನೊಂದ ಪ್ರಶ್ನೆ" ಎಂದರು ನಮ್ಮ ಮನೆಯವರು. "ನೀವೂ ಬಳಸ್ತೀರಿ?" ಸುಳ್ಳು ಹೇಳಲು ಅವರು ಬಿಡುವವರಲ್ಲ. ಹೌದು ಎಂದೆ. "ಸದರಿ ಮನೆಯವರೂ ಸಾರ್ವಜನಿಕರ ಜೊತೆಗೆ ಬಳಸುತ್ತಾರೆ" ಎಂದು ಬರೆದು, ಕೆಳಗೆ ನನ್ನ ಸಹಿ ಹಾಕಿಸಿಕೊಂಡರು. ಆ ರಾತ್ರಿ ಬದನೆಕಾಯಿ ಪಲ್ಯಕ್ಕೆ ಅವರು ಏನೂ ಕೇಳಲಿಲ್ಲ. ಎರಡು ಸಲ ಬಡಿಸಿಕೊಂಡರು.

ಕೆಲವು ತಿಂಗಳಿಗೆ ಆದೇಶ ಬಂತು. ಹೆಚ್ಚುವರಿ ಜಮೀನು ಪುರಸಭೆಗೆ ಸಂದಾಯ. ಅದರ ಮೇಲಿರುವ ಮಹಿಳೆಯರ ಶೌಚಾಲಯವನ್ನು ಮುಂದುವರಿಸತಕ್ಕದ್ದು. ಪುರಸಭೆಯವರು ಮಾತು ಉಳಿಸಿಕೊಂಡರು. ಪಕ್ಕಕ್ಕೆ ಇನ್ನೆರಡು ಕಟ್ಟಿಸಿದರು, ನೀರಿನ ನಳ ಹಾಕಿಸಿದರು, ಹಳದಿ ಬಣ್ಣ ಬಳಿಸಿ ಒಂದು ಹೆಂಗಸಿನ ಚಿತ್ರ ಬರೆಸಿದರು. ಜೊತೆಗೆ, ನಾನು ಯೋಚಿಸಿಯೇ ಇರದ ಒಂದು ಕೆಲಸವನ್ನೂ ಮಾಡಿದರು. ಅಪ್ಪಾಸಾಹೇಬರ ಸುಣ್ಣದ ಗೆರೆಯ ಮೇಲೆ ಎದೆ ಎತ್ತರದ ಗೋಡೆ ಕಟ್ಟಿಸಿದರು. ನ್ಯಾಯವೇ, ಅವರ ಜಾಗ, ಅವರ ಹದ್ದು. ಹಿತ್ತಿಲ ಕೋಣೆ ಗೋಡೆಯಾಚೆ ಉಳಿಯಿತು, ನಾವು ಈಚೆ ಉಳಿದೆವು. ಕ್ವಾರ್ಟರ್ಸಿಗೆ ಹೊಸದು ಕಟ್ಟಿಸಲು ಅಂದಾಜು ಪತ್ರಿಕೆ ಹೋಯಿತು. ತಮ್ಮ ಸ್ವಂತ ಮನೆಯ ಕೆಲಸಕ್ಕೆ ಅವಸರ ಮಾಡಿದರೆ ತಪ್ಪಾಗುತ್ತದೆಂದು ನಮ್ಮ ಮನೆಯವರು ಅದರ ಬಗ್ಗೆ ಒಮ್ಮೆಯೂ ಯಾರನ್ನೂ ಕೇಳಲಿಲ್ಲ. ಅದು ಮಂಜೂರಾಗುವುದಕ್ಕೆ ಒಂದು ಬೇಸಿಗೆ, ಒಂದು ಮಳೆಗಾಲ, ಮತ್ತೊಂದು ಬೇಸಿಗೆ ಹಿಡಿಯಿತು.

ನಾನು ಹೇಗೋ ಸುತ್ತಿ ಹೋಗುತ್ತಿದ್ದೆ, ಬೀದಿಯಿಂದ ನಡೆದು, ಸಂತೆಯ ಗೇಟಿನಿಂದ ಒಳಗೆ. ಇವರ ಗತಿ ನೋಡಿ. ಪಂಚನಾಮೆಯನ್ನು ಅಕ್ಷರ ತಪ್ಪದೆ ಬರೆದವರೇ ಅವರು. ಆದೇಶದ ಪ್ರಕಾರ ಆ ಜಾಗ ಈಗ ಮಹಿಳೆಯರಿಗೆ ಮಾತ್ರ. ದಿನಾ ನಸುಕಿನಲ್ಲಿ ಎದ್ದು ಸೈಕಲ್ ಹತ್ತಿ ಆಫೀಸಿಗೆ ಹೋಗುತ್ತಿದ್ದರು. ಒಂದು ದಿನ ಅವರ ಮೇಲಧಿಕಾರಿಗಳು ತಪಾಸಣೆಗೆ ಬಂದು, ಕಸ ಗುಡಿಸುವವನಿಗಿಂತ ಮೊದಲೇ ಕಚೇರಿಯಲ್ಲಿದ್ದ ಇವರನ್ನು ನೋಡಿ ಕೈ ಕುಲುಕಿ, ಇಂಥ ಶಿಸ್ತು ಈಗ ಎಲ್ಲಿದೆ ಎಂದು ಎಲ್ಲರ ಮುಂದೆ ಹೇಳಿದರಂತೆ. ಇವರು ನಿಜವಾದ ಕಾರಣವನ್ನು ಹೇಳಲು ಬಾಯಿ ತೆರೆದರಂತೆ. ಹೇಳಲಾಗಲಿಲ್ಲವಂತೆ. ನನಗೆ ಹೇಳುವಾಗ ಬಹಳ ಸಂಕಟಪಟ್ಟರು.

ಮಂಗಳವಾರ ಮಾತ್ರ ನನಗೂ ಕಷ್ಟ. ನೀರು ಇದೆ, ಜಾಗ ಇದೆ ಎಂದು ಸುದ್ದಿ ಹಬ್ಬಿ ಎಲ್ಲೆಲ್ಲಿಂದಲೋ ಹೊಸ ಹೆಂಗಸರು ಸಂತೆಗೆ ಬರತೊಡಗಿದ್ದರು. ಚಹಾದಂಗಡಿಯವರು ಇನ್ನೊಂದು ಒಲೆ ಹಚ್ಚಿದ್ದರು. ಸಾಲು ಬೇವಿನ ಮರದವರೆಗೂ ಹೋಗುತ್ತಿತ್ತು. ಒಂದು ಮಂಗಳವಾರ, ಬಿಸಿಲೇರಿದ ಹೊತ್ತು, ನಾನೂ ಆ ಸಾಲಿನಲ್ಲಿ ನಿಂತಿದ್ದೆ. ಮನೆಯ ಕೆಲಸದ ಸೀರೆ, ಹಿಟ್ಟು ಮೆತ್ತಿದ ಕೈ, ತಲೆಯ ಮೇಲೆ ಸೆರಗು. ನನ್ನ ಮುಂದಿದ್ದ ಹುಡುಗಿ ಹೊಸಬಳು, ಬೋರಗಾಂವ ಕಡೆಯಿಂದ ಬಂದವಳಂತೆ, ಸೊಂಟಕ್ಕೆ ಮೆಣಸಿನಕಾಯಿಯ ಬುಟ್ಟಿ. ಹಿಂದೆ ತಿರುಗಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಅಕ್ಕಾ, ನೀವ ಏನ ಮಾರ್ತೀರಿ?"

ಸಾಲಿನ ಮುಂದುಗಡೆ ಅಕ್ಕಾತಾಯಿ ನಿಂತಿದ್ದಳು. ಅವಳಿಗೆ ಕೇಳಿಸಿತು. ತಿರುಗಿ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಅಷ್ಟೇ; ನಾನು ಯಾರೆಂದು ಹೇಳಲಿಲ್ಲ. ಹೇಳುವುದನ್ನು ನನಗೇ ಬಿಟ್ಟಳು.

"ಇವತ್ತ ಏನೂ ಇಲ್ಲವ್ವಾ" ಎಂದೆ.

ಹುಡುಗಿಯ ಮುಖ ಸಣ್ಣದಾಯಿತು. ಬುಟ್ಟಿಗೆ ಕೈ ಹಾಕಿ ಒಂದು ಹಿಡಿ ಹಸಿಮೆಣಸಿನಕಾಯಿ ತೆಗೆದು ನನ್ನ ಸೆರಗಿಗೆ ಹಾಕಿದಳು. "ಇರ್ಲಿ, ಬರಿಗೈಲೆ ಮನಿಗೆ ಹೋಗಬ್ಯಾಡ್ರಿ" ಎಂದಳು. ಆಮೇಲೆ ಮುಂದಿನವರ ಕಡೆ ತಿರುಗಿ, "ಪಾಪ, ಈ ಅಕ್ಕಾಗ ಇವತ್ತ ಏನೂ ಧಂದೇ ಆಗಿಲ್ಲಂತ. ಮುಂದ ಬಿಡ್ರಿ ಬೇ ಆಕೀನ" ಎಂದು ಕೂಗಿದಳು. ಸಾಲು ಪಕ್ಕಕ್ಕೆ ಸರಿದು ದಾರಿ ಮಾಡಿಕೊಟ್ಟಿತು.

ನಾನು ಸೆಕ್ಷನ್ ಆಫೀಸರರ ಹೆಂಡತಿ, ಈ ಜಾಗದ ಪಂಚನಾಮೆಯಲ್ಲಿ ನನ್ನ ಸಹಿ ಇದೆ ಎಂದು ಹೇಳಬಹುದಿತ್ತು. ಹೇಳಬೇಕಾಗಿಯೂ ಇತ್ತು, ನಮ್ಮ ಮನೆಯವರಾಗಿದ್ದರೆ ಹೇಳಿ, ಮೆಣಸಿನಕಾಯಿ ಹಿಂದಿರುಗಿಸಿ, ಬೇವಿನ ಮರದ ಬುಡಕ್ಕೆ ಹೋಗಿ ಮತ್ತೆ ಮೊದಲಿನಿಂದ ನಿಲ್ಲುತ್ತಿದ್ದರು. ಆದರೆ ನನ್ನ ಮುಂದೆ ಹದಿನಾಲ್ಕು ಜನರಿದ್ದರು, ಮತ್ತು ಆ ಹೊತ್ತಿನಲ್ಲಿ ನನಗೆ ಸತ್ಯಕ್ಕಿಂತ ಅವಸರದ್ದು ಬೇರೊಂದಿತ್ತು. ಮೆಣಸಿನಕಾಯಿಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು, ಮುಖವನ್ನು ಆದಷ್ಟು ಬಡವಾಗಿಸಿಕೊಂಡು, ಮುಂದೆ ಹೋದೆ.